ಹಾಡಿಗೂ ಅಳತೆ ಹಿಡಿಯುವ ಟೈಲರಕ್ಕ

ಶುಕ್ರವಾರ, ಬೆಳಗಿನ ಐದು ಗಂಟೆ. ಟೈಲರ್ ಅಂಗಡಿಯ ಷಟರ್ ಅರ್ಧ ಮಾತ್ರ ಎದ್ದಿದೆ. ಬಗ್ಗಿ ಒಳಗೆ ಹೋಗುತ್ತೇನೆ. ಇಸ್ತ್ರಿ ಮೇಜಿನ ಮೇಲೆ ಬಟ್ಟೆಯಿಲ್ಲ. ಐದು ಗೆರೆಗಳ ಸಂಗೀತದ ಹಾಳೆಗಳು ಹರಡಿವೆ; ಹಾರದಿರಲೆಂದು ಒಂದೊಂದರ ಮೇಲೂ ದಾರದ ಉಂಡೆ. ಅರವತ್ತಾರು ವರ್ಷದ ಹೆಂಗಸು ಎರಡು ಕನ್ನಡಕಗಳನ್ನು ಒಂದರ ಮೇಲೊಂದು ಏರಿಸಿಕೊಂಡು ಬರೆಯುತ್ತಿದ್ದಾರೆ.

"ಕೂತ್ಕೊಳ್ಳಿ, ಈ ಸಾಲು ಮುಗೀಲಿ. ಮಧ್ಯೆ ಬಿಟ್ಟು ತಪ್ಪಾದ್ರೆ ಕ್ಲಾರಿನೆಟ್‌ನವರು ನನ್ನ ಜನ್ಮ ಜಾಲಾಡ್ತಾರೆ."

ಊರಿನ ಬ್ಯಾಂಡಿನವರು ಇವರನ್ನು ಕರೆಯುವುದೇ ಟೈಲರಕ್ಕ ಎಂದು. ಬೇಸಿಗೆಯ ಎಂಟು ಭಾನುವಾರ, ನೀರಿನ ಟ್ಯಾಂಕಿನ ಪಕ್ಕದ ಪಾರ್ಕಿನಲ್ಲಿ ಈ ಬ್ಯಾಂಡು ಪುಕ್ಕಟೆಯಾಗಿ ನುಡಿಸುತ್ತದೆ. ಬೇಕರಿಯವರು, ಬಸ್ ಡ್ರೈವರ್, ಟೀಚರುಗಳು ಎಲ್ಲ ಸೇರಿ ಇಪ್ಪತ್ಮೂರು ಜನ. ಆ ಇಪ್ಪತ್ಮೂರರಲ್ಲಿ ಟೈಲರಕ್ಕ ಇಲ್ಲ. "ನನಗೆ ಮಕ್ಕಳ ಪೀಪಿ ಊದೋಕೂ ಬರಲ್ಲ," ಎನ್ನುತ್ತಾರೆ. ಆದರೆ ಅಲ್ಲಿ ನುಡಿಸುವ ಪ್ರತಿಯೊಂದು ಹಾಳೆಯೂ ಇವರ ಕೈಬರಹದ್ದು.

ಮೂವತ್ತೊಂದು ವರ್ಷದ ಹಿಂದೆ ಕೋಟು ಹೊಲಿಸಲು ಬಂದ ಬ್ಯಾಂಡ್ ಮೇಷ್ಟ್ರು ಅಳತೆಗೆಂದು ಕೊಟ್ಟ ಹಳೇ ಕೋಟಿನ ಜೇಬಿನಲ್ಲೇ ಹರಿದ ಸಂಗೀತದ ಹಾಳೆಯೊಂದನ್ನು ಬಿಟ್ಟುಹೋಗಿದ್ದರಂತೆ. ಕೋಟಿನ ಜೊತೆ ಹಾಳೆಯೂ ಹೊಸದಾಗಿ ಹೋಯಿತು. "ಕಸೂತಿ ಡಿಸೈನ್ ಇಳಿಸಿಕೊಳ್ಳೋ ಹಾಗೆ ಇಳಿಸಿಕೊಂಡೆ. ಅದರ ಅರ್ಥ ಆಗೋಕೆ ಇನ್ನೆರಡು ವರ್ಷ ಬೇಕಾಯ್ತು." ಅರ್ಥವಾದ ಮೇಲೆ ಟೈಲರಕ್ಕ ಸುಮ್ಮನಿರಲಿಲ್ಲ. ಅಂಗಡಿಯಲ್ಲಿ ಮಾಡುವ ಆಲ್ಟ್ರೇಶನ್ ಕೆಲಸವನ್ನು ಹಾಡಿಗೂ ಹಚ್ಚಿದರು. ಬಸ್ ಡ್ರೈವರಿಗೆ ಉಬ್ಬಸ. ಅವರ ಹಾಳೆಯಲ್ಲಿ ಉಸಿರು ತೆಗೆದುಕೊಳ್ಳಲು ಎರಡು ಕಡೆ ಜಾಸ್ತಿ ಜಾಗ. ಒಬ್ಬ ಟೀಚರಿಗೆ ಕಿರುಬೆರಳು ಮುರಿದು ಸರಿಯಾಗಿ ಕೂಡಲಿಲ್ಲ. ಆ ಬೆರಳಿನ ಸ್ವರಗಳೆಲ್ಲ ಪಕ್ಕದವರ ಪಾಲಿಗೆ. ವಯಸ್ಸಾಯಿತೆಂದು ಈ ಬ್ಯಾಂಡು ಬಿಟ್ಟವರು ಇದುವರೆಗೆ ಯಾರೂ ಇಲ್ಲ. ನನಗೆ ಸಂಗೀತದ ಗಂಧಗಾಳಿ ಇಲ್ಲ, ಆದರೂ ಇದು ಸಣ್ಣ ಕೆಲಸವಲ್ಲ ಎನ್ನುವುದು ಗೊತ್ತಾಗುತ್ತದೆ.

ಈ ವರ್ಷ ಸರದಿ ಬಂದದ್ದು ಸ್ವಂತ ಅಣ್ಣನಿಗೆ. ನಿವೃತ್ತ ಪೋಸ್ಟ್‌ಮ್ಯಾನ್, ಎಪ್ಪತ್ತೊಂದು ವರ್ಷ, ಬ್ಯಾಂಡಿನ ಟ್ರಂಪೆಟ್ ಅವರದು. ಪ್ರತಿ ಭಾನುವಾರದ ಕೊನೆಯ ಹಾಡಿನ ತುದಿಯಲ್ಲಿ ಅವರೊಬ್ಬರೇ ಊದುವ ಎತ್ತರದ ಸ್ವರವೊಂದಿದೆ. ಅದನ್ನು ಕೇಳಿಯೇ ಜನ ಮನೆಗೆ ಏಳುವುದು. ಚಳಿಗಾಲದಲ್ಲಿ ಅಣ್ಣನ ಮುಂದಿನ ಹಲ್ಲುಗಳು ಕೈಕೊಟ್ಟವು. ಕಟ್ಟಿಸಿದ ಹಲ್ಲಿಗೆ ಆ ಸ್ವರ ಎಟುಕುತ್ತಿಲ್ಲ.

ಟೈಲರಕ್ಕ ಗುಟ್ಟಾಗಿ ಇಡೀ ಹಾಡನ್ನೇ ಸ್ವರದ ಏಣಿಯಲ್ಲಿ ಎರಡು ಮೆಟ್ಟಿಲು ಕೆಳಗಿಳಿಸಿ ಬರೆದರು. ಡ್ರಮ್ಮಿನವರು, ತಾಳದವರು ಬಿಟ್ಟು ಇಪ್ಪತ್ತೊಂದು ಹಾಳೆ. ಒಂದು ಹಾಳೆಗೆ ಇಪ್ಪತ್ತು ನಿಮಿಷ. ಅಣ್ಣನನ್ನು ಒಂದು ಮಾತು ಕೇಳಬಾರದಿತ್ತೇ ಎಂದರೆ, "ಕೇಳಿದ್ರೆ ಬೇಡ ಅಂತಿದ್ದ. ಭಾನುವಾರ ಜನರ ಮುಂದೆ ಸ್ವರ ಬರದೇ ಹೋಗಿದ್ರೆ ಮತ್ತೆ ಬ್ಯಾಂಡಿನ ಕಡೆ ತಲೆ ಹಾಕ್ತಿರ್ಲಿಲ್ಲ. ನನಗೆ ಅವನ ಬುದ್ಧಿ ಗೊತ್ತಿಲ್ವಾ?"

ಗೊತ್ತಿದ್ದ ಒಂದು ವಿಷಯವನ್ನೇ ಅವರು ಮರೆತಿದ್ದರು. ಆ ಹಾಡಿಗೆ ಅಣ್ಣ ಹಾಳೆ ನೋಡುವುದಿಲ್ಲ. ಕಣ್ಣು ಮುಚ್ಚಿ, ನೆನಪಿನಿಂದಲೇ ನುಡಿಸುತ್ತಾರೆ. ಕಳೆದ ಸೋಮವಾರ ಶಾಲೆಯ ಹಾಲ್‌ನಲ್ಲಿ ಪ್ರಾಕ್ಟೀಸ್. ಇಡೀ ಬ್ಯಾಂಡು ಕೆಳಗೆ, ಅಣ್ಣ ಒಬ್ಬರೇ ಎರಡು ಮೆಟ್ಟಿಲು ಮೇಲೆ. "ಬಾಗಿಲಲ್ಲಿ ಮಲಗಿದ್ದ ನಾಯಿ ಕೂಡ ಎದ್ದು ಹೋಯ್ತು," ಎಂದು ನಗಲು ನೋಡಿದ ಟೈಲರಕ್ಕನಿಗೆ ನಗು ಪೂರ್ತಿ ಬರುವುದಿಲ್ಲ. ಅಣ್ಣ ಕಣ್ಣು ಬಿಟ್ಟು, ಪಕ್ಕದವರ ಕನ್ನಡಕ ಇಸಿದುಕೊಂಡು ಹಾಳೆ ನೋಡಿದರು. ಇದು ಯಾರ ಕೆಲಸ ಎಂದರು. ಟೈಲರಕ್ಕ ಬಾಗಿಲ ಬಳಿಯಿಂದ "ನಂದು" ಎಂದರು. ಅಣ್ಣ ಟ್ರಂಪೆಟ್ಟನ್ನು ಪೆಟ್ಟಿಗೆಗಿಟ್ಟು, ಹಾಳೆಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಎರಡು ದಿನ ಅಣ್ಣ ಅಂಗಡಿಯ ಕಡೆ ಬರಲಿಲ್ಲ. "ನಮ್ಮೆಜಮಾನ್ರು ತೀರಿಕೊಂಡ ವರ್ಷ ನಾನು ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ. ಅಣ್ಣ ದಿನಾ ಕೆಲಸಕ್ಕೆ ಹೋಗೋ ಮುಂಚೆ ಬಂದು ಈ ಷಟರ್ ಎತ್ತಿಟ್ಟು, ನಾನು ಬರೋವರೆಗೂ ಬಾಗಿಲಲ್ಲಿ ನಿಂತಿರ್ತಿದ್ದ. ಅಂಥವನನ್ನ ಹತ್ತು ಜನರ ಮುಂದೆ ಮುದುಕ ಮಾಡಿಬಿಟ್ಟೆ."

ಬುಧವಾರ ಬೆಳಿಗ್ಗೆ ಅಣ್ಣ ಅಂಗಡಿಗೆ ಬಂದರು. ಮಡಿಸಿದ ಹಾಳೆಯನ್ನು ಇಸ್ತ್ರಿ ಮೇಜಿನ ಮೇಲಿಟ್ಟರು. "ಎರಡು ಜಾಸ್ತಿ ಆಯ್ತು. ಒಂದು ಸಾಕು. ಮನೇಲಿ ಊದಿ ನೋಡಿದೀನಿ," ಎಂದರು. ಹೋಗುವಾಗ, "ಮೊದಲು ನನ್ನ ಕೇಳಬೇಕಿತ್ತು ನೀನು."

ಹಾಗಾಗಿ ಈ ಶುಕ್ರವಾರ ಬೆಳಿಗ್ಗೆ ಟೈಲರಕ್ಕ ಇಪ್ಪತ್ತೊಂದು ಹಾಳೆಗಳನ್ನು ಎರಡನೇ ಸಲ ಬರೆಯುತ್ತಿದ್ದಾರೆ. ಒಂದೇ ಮೆಟ್ಟಿಲು ಇಳಿಸಿದರೆ ಉಳಿದವರ ಬೆರಳಿಗೆಲ್ಲ ತೊಡಕು. ಕ್ಲಾರಿನೆಟ್‌ನವರು ಆಗಲೇ ಗೊಣಗುತ್ತಿದ್ದಾರೆ. "ಗೊಣಗಲಿ ಬಿಡಿ. ಅವರಿಗೆ ಹಲ್ಲಿದೆಯಲ್ಲ." ದಿನಕ್ಕೆ ಐದಾರು ಹಾಳೆ, ಒಂಬತ್ತಕ್ಕೆ ಮಾಮೂಲಿ ಹೊಲಿಗೆ. ಹೆಬ್ಬೆರಳು ಬಾತಿದೆ. ಇದನ್ನೆಲ್ಲ ಬರೆಯಬಹುದೇ ಎಂದು ಅಣ್ಣನನ್ನೂ ಕೇಳಿದ್ದೇನೆ. "ಬರೀರಿ. ನೀವಾದ್ರೂ ಕೇಳಿದ್ರಲ್ಲ," ಎಂದರು.

ಭಾನುವಾರ ಸಂಜೆ ಪಾರ್ಕಿನಲ್ಲಿ ಟೈಲರಕ್ಕ ಕೂರುವುದಿಲ್ಲ. ಕೊನೆಯ ಬೆಂಚಿನ ಹಿಂದೆ ನಿಲ್ಲುತ್ತಾರೆ. ಕೊನೆಯ ಹಾಡಿಗೆ ಅಣ್ಣ ಕನ್ನಡಕ ಹಾಕಿಕೊಂಡು ಹಾಳೆ ನೋಡುತ್ತಾರೆ. ತುದಿಯ ಸ್ವರಕ್ಕೆ ಮೊದಲು ಒಂದು ಕ್ಷಣ ಏನೂ ಕೇಳಿಸುವುದಿಲ್ಲ. ಟೈಲರಕ್ಕ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಾರೆ. ಸ್ವರ ಬರುತ್ತದೆ. ಸ್ವಲ್ಪ ನಡುಗುತ್ತದೆ, ಆದರೆ ಬರುತ್ತದೆ. ಜನ ಚಪ್ಪಾಳೆ ತಟ್ಟಿ, ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೊರಡುತ್ತಾರೆ.

ಕುರ್ಚಿ ಮಡಚಲು ಕೈಹಾಕುತ್ತ ಕೇಳುತ್ತೇನೆ: ಮೊದಲು ಬರೆದ ಆ ಇಪ್ಪತ್ತೊಂದು ಹಾಳೆ ದಂಡವಾಯಿತಲ್ಲ?

"ದಂಡ ಯಾಕೆ? ಎತ್ತಿಟ್ಟಿದೀನಿ. ಒಂದು ವರ್ಷ ಬಿಟ್ಟೋ ಎರಡು ವರ್ಷ ಬಿಟ್ಟೋ ಬೇಕಾಗುತ್ತೆ," ಎನ್ನುತ್ತಾರೆ ಟೈಲರಕ್ಕ. "ಆದ್ರೆ ಆವಾಗ ಅವನಾಗಿ ಬಂದು ಕೇಳಬೇಕು. ಅಲ್ಲೀವರೆಗೂ ನಾನು ಆ ಕಟ್ಟು ಬಿಚ್ಚಲ್ಲ."