ಸಾವಿನ ರಜೆಗೆ ತೆಗೆದ ಫೋಟೋ

ದೆವ್ವ, ಪಿಶಾಚಿ ಎಂದವರನ್ನು ಗೇಲಿ ಮಾಡುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನನ್ನ ಮೊಬೈಲಿನಲ್ಲಿ ಒಂದು ಫೋಟೋ ಇದೆ. ಅದು ನೆನಪಾದರೆ ಕುಳಿತಲ್ಲಿ ಕೂರಲಾಗುವುದಿಲ್ಲ, ಎದ್ದು ಓಡಾಡುತ್ತೇನೆ.

ಸೇಡಂ ಹತ್ತಿರದ ಒಂದು ಕಾರ್ಖಾನೆಯಲ್ಲಿ ಹಾಜರಿ, ರಜೆ ನೋಡಿಕೊಳ್ಳುವ ಕೆಲಸ ನನ್ನದು. ಮನೆಯಲ್ಲಿ ಸಾವಾಗಿದೆ ಎಂದು ರಜೆ ಕೇಳಿದರೆ ಪುರಾವೆ ಬೇಕು. ಮರಣ ಪತ್ರ ಬರಲು ದಿನ ಹಿಡಿಯುತ್ತದೆ. ಅಲ್ಲಿಯತನಕ, ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಹೋದ ಜೊತೆಗಾರರು ಹೆಣದ ಒಂದು ಫೋಟೋ ತಂದುಕೊಡಬೇಕು. ರಜೆಗಾಗಿ ಬದುಕಿದ್ದವರನ್ನು ಸಾಯಿಸಿದವರನ್ನು ಬೇಕಾದಷ್ಟು ನೋಡಿದ್ದೆ.

ಮೂಟೆ ತುಂಬುವ ವಿಭಾಗದ ಮಲ್ಲೇಶಿ ತಾಯಿ ತೀರಿಕೊಂಡಳೆಂದು ಫೋನ್ ಮಾಡಿದಾಗ ಅವನ ಫೈಲ್ ತೆಗೆದೆ. ಎರಡು ವರ್ಷದ ಹಿಂದೆಯೂ ತಾಯಿ ಸತ್ತಳೆಂದೇ ಬರೆದುಕೊಟ್ಟಿದ್ದ. ಕೇಳಿದೆ.

"ಆಕಿ ದೊಡ್ಡವ್ವ ಇದ್ಳರಿ. ಸಾಕಿದಾಕಿ ಅಂತ ತಾಯಿ ಅಂತ ಬರದೆ. ಈಗ ಹೋದಾಕಿ ಹಡದವ್ವರಿ" ಎಂದ.

ನಮ್ಮ ಮ್ಯಾನೇಜರ್ ಹೊರರಾಜ್ಯದವರು. ಈ ಸಲ ಸುಳ್ಳಾದರೆ ಅವನನ್ನು ಕೆಲಸದಿಂದ ತೆಗೆಯುತ್ತೇನೆ, ನೀವೇ ಹೋಗಿ ನೋಡಿ ಬನ್ನಿ ಎಂದರು.

ಇಬ್ಬರು ಜೊತೆಗಾರರೊಂದಿಗೆ ಮಲ್ಲೇಶಿಯ ಊರು ಕುರಕುಂಟಾಕ್ಕೆ ಹೋದೆ. ಮಟಮಟ ಮಧ್ಯಾಹ್ನ. ಅವರ ಪದ್ಧತಿಯಂತೆ ಮುದುಕಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕಣ್ಣು ಮುಚ್ಚಿದ್ದವು. ನನ್ನ ಹಾಳು ಸಂಶಯ ನೋಡಿ, ಹೂವು ಹಾಕುವ ನೆಪದಲ್ಲಿ ಆಕೆಯ ಕೈ ಹಿಡಿದು ನಾಡಿ ನೋಡಿದೆ. ಕೈ ತಣ್ಣಗಿತ್ತು. ನಾಚಿಕೆಯಾಯಿತು. ಆದರೂ ಒಂದು ಫೋಟೋ ತೆಗೆದುಕೊಂಡೆ. ಮಣ್ಣು ಮುಗಿಸಿ ಮರಳಿದೆವು.

ಮರುದಿನ ಮ್ಯಾನೇಜರ್ ಫೋಟೋ ನೋಡಿ ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ಬದುಕಿರುವ ಮುದುಕಿಗೆ ಹಾರ ಹಾಕಿ ಕೂರಿಸಿದ್ದೀರಿ ಎಂದು ರೇಗಿದರು. ನೋಡಿದೆ. ಆಕೆಯ ಕಣ್ಣು ತೆರೆದಿದ್ದವು, ನೇರ ನನ್ನನ್ನೇ ನೋಡುತ್ತಿದ್ದವು. ನನ್ನ ಪಕ್ಕದಲ್ಲೇ ನಿಂತು ಜೊತೆಗಾರರು ತೆಗೆದ ಫೋಟೋಗಳಲ್ಲಿ ಮುಚ್ಚಿಯೇ ಇದ್ದವು. ಮ್ಯಾನೇಜರ್ ಯಾವುದನ್ನೂ ನಂಬಲಿಲ್ಲ. ಕೊನೆಗೆ, ನಾನೇ ಮುಟ್ಟಿ ನೋಡಿದ್ದೇನೆ, ಸುಳ್ಳಾದರೆ ನನ್ನನ್ನೂ ತೆಗೆಯಿರಿ ಎಂದು ಬರೆದು ಸಹಿ ಹಾಕಿದೆ. ಮರಣ ಪತ್ರ ಕೈಗೆ ಬರುವವರೆಗೆ ನನಗೆ ಊಟ ಸೇರಲಿಲ್ಲ. ಮಲ್ಲೇಶಿಯ ಕೆಲಸ ಉಳಿಯಿತು.

ಬೆಳಕಿನ ಆಟ ಅಂದರು ಕೆಲವರು. ಇದ್ದೀತು. ನನ್ನ ಮೊಬೈಲಿಗೊಂದೇ ಬೇರೆ ಬೆಳಕು ಎಲ್ಲಿಂದ ಬಂತೋ, ಇವತ್ತಿಗೂ ತಿಳಿದಿಲ್ಲ.

ಮಲ್ಲೇಶಿಗೆ ತೋರಿಸಬಾರದು ಅಂದುಕೊಂಡಿದ್ದೆ. ಯಾರೋ ಹೇಳಿಬಿಟ್ಟಿದ್ದರು, ಬಂದು ಕೇಳಿದ. ಬಹಳ ಹೊತ್ತು ನೋಡಿದ, ಹೆದರಲಿಲ್ಲ.

"ಅವ್ವ ನಿಮ್ಮನ್ನ ನೋಡಾಕತ್ತಾಳಲ್ರಿ ಸರ್. ಇದನ್ನ ನನಗ ಕಳಸ್ರಿ. ಆಕಿದು ಬ್ಯಾರೆ ಫೋಟೋನೇ ಇಲ್ರಿ ನಮ್ಮನ್ಯಾಗ" ಎಂದ.

ಕಳಿಸಿದೆ. ಈಗ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನಂತೆ. ವರ್ಷಕ್ಕೊಮ್ಮೆ ಅವ್ವನ ಪುಣ್ಯತಿಥಿಗೆ ತಪ್ಪದೆ ಊಟಕ್ಕೆ ಕರೆಯುತ್ತಾನೆ. ಆ ಫೋಟೋದ ಎದುರು ಕೂತು ಉಣ್ಣುವ ಧೈರ್ಯ ನನಗಿಲ್ಲ. ಪ್ರತಿ ಸಲ ಏನಾದರೊಂದು ಸುಳ್ಳು ಹೇಳುತ್ತೇನೆ. ಅವನು ನಂಬುತ್ತಾನೆ.