ಗಿಬ್ಬನ್ ಮರಿಯನ್ನು ಮಾತಾಡಿಸಿದವರು

ಥಾಯ್ಲೆಂಡಿನ ಆ ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ಕನ್ನಡ ಬಲ್ಲ ಸ್ವಯಂಸೇವಕರು ಇಬ್ಬರೇ: ನಂಜನಗೂಡಿನ ನಾನು, ಬಿಳಿಗೆರೆಯ ನಿವೃತ್ತ ಪಶು ಕಾಂಪೌಂಡರ್. ಕಾಡಿಗೆ ಮರಳಬೇಕಾದ ಪ್ರಾಣಿಗಳನ್ನು ಮಾತಾಡಿಸಬಾರದೆಂಬುದು ಅಲ್ಲಿನ ನಿಯಮ. ದನಗಳನ್ನು ಮಾತಾಡಿಸುತ್ತಲೇ ಮದ್ದು ಕುಡಿಸಿ ರೂಢಿಯಾದ ಬಾಯಿ ಕಾಂಪೌಂಡರರದು. ತೋಳು ಮುರಿದಿದ್ದ ಗಿಬ್ಬನ್ ವಾನರದ ಮರಿಗೆ ಬಾಳೆಹಣ್ಣು ಚಾಚಿ, “ಬಾ ಮಗಾ, ತಿನ್ನು ಬಾ” ಎನ್ನುತ್ತಿದ್ದರು. ನಾನು ಬೇಡವೆಂದರೆ, “ಇನ್ಯಾರ್ ಕುಟ್ಟೆ ಮಾತಾಡ್ಲಿ ಸಾ?” ಎನ್ನುವರು. ನಾನು ಎದುರಿಗೇ ನಿಂತಿರುತ್ತಿದ್ದೆ.

ಬಿಡುಗಡೆಯ ದಿನ ಅದು ಮರವೇರಿ, ತಿರುಗಿ, ಅವರನ್ನೇ ನೋಡುತ್ತ ಕೂತಿತು. ಅವರು ಕರೆದಿದ್ದರೆ ಇಳಿದು ಬಂದುಬಿಡುತ್ತಿತ್ತು. ಅವರು ಹೆಗಲ ಟವೆಲನ್ನು ಬಾಯಿಗೆ ಒತ್ತಿ ಹಿಡಿದರು. ಅದು ಎಲೆಗಳೊಳಗೆ ಮರೆಯಾಯಿತು.

ಮುಂದೊಮ್ಮೆ ನಾನು ಬಿಳಿಗೆರೆಗೆ ಹೋದಾಗ ಅವರು ತುಟಿ ಪಿಟಕ್ಕೆನ್ನದೆ ಕರುವಿಗೆ ಹುಲ್ಲು ಹಾಕುತ್ತಿದ್ದರು. ಕರು ಹುಲ್ಲು ಮುಟ್ಟದೆ, ಕಿವಿ ನಿಮಿರಿಸಿ ಕಾಯುತ್ತಿತ್ತು.