ತೊಣ್ಣೂರು ಕೆರೆಗೆ ಬೆಳಕು ಬಿಟ್ಟದ್ದು

"ನಿಮ್ ಮಿಷಿನ್ ಬೆಳಕಿಗೆ ಕೆರೆ ಮೀನೆಲ್ಲ ಸಾಯಾಕಿಲ್ವೇನವ್ವ?"

ಪಾಂಡವಪುರದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆಯೊಡತಿ ಜಯಮ್ಮ ಹಾಕಿದ ಮೊದಲ ಪ್ರಶ್ನೆ ಇದು. ಹೊನ್ನಾವರದ ಕಡಲಂಚಿನಲ್ಲಿ ಬೆಳೆದ ನನ್ನನ್ನು ಬೆಂಗಳೂರಿನ ಪ್ರಯೋಗಾಲಯ ಕೆರೆಗೆ ಕಳಿಸಿತ್ತು. ನೀರೊಳಗಿನ ವಸ್ತು ಹುಡುಕುವ ಲೇಸರ್ ರೇಡಾರನ್ನು ಕಡಲಿಗೆ ಒಯ್ಯುವ ಮೊದಲು ತೊಣ್ಣೂರಿನ ತಿಳಿನೀರಿನಲ್ಲಿ ಪರೀಕ್ಷಿಸಬೇಕಂತೆ.

ಊರಿನಲ್ಲಿ ಗಂಜಿ, ಮೀನು. ಇಲ್ಲಿ ಮುದ್ದೆ, ಕಾಳು ಬೇಯಿಸಿದ ನೀರಿಗೆ ಖಾರ ಕಲಸುವ ಉಪ್ಸಾರು. ಮುದ್ದೆಯನ್ನು ಅಗಿಯದೆ ನುಂಗುವುದಕ್ಕೇ ತಿಂಗಳು ಬೇಕಾಯಿತು. ಇಲ್ಲಿ 'ವಸಿ' ಎಂದರೆ ಸ್ವಲ್ಪ. ಕರೆಂಟು ಹೋದಾಗಲೆಲ್ಲ "ವಸಿ ತಡೀರಿ" ಅನ್ನುತ್ತಾರೆ. ಆ ಸ್ವಲ್ಪ ಸಂಜೆಯವರೆಗೂ ಹಿಗ್ಗುತ್ತದೆ.

ಯಂತ್ರದ್ದು ಬೇರೆ ಗೋಳು. ಲೇಸರ್ ಮಿಂಚು ಮೊದಲು ನೀರಿನ ಮೇಲ್ಮೈಗೆ ತಾಗಿ ಪ್ರಖರವಾಗಿ ಮರಳುತ್ತದೆ, ಮರಳಿದ ಬೆಳಕು ಹಿಡಿಯುವ ಗ್ರಾಹಕ ಕುರುಡಾಗುತ್ತದೆ. ಅದು ಚೇತರಿಸಿಕೊಳ್ಳುವಷ್ಟರಲ್ಲಿ ಆಳದ ಮಂಕು ಬೆಳಕು ಬಂದು ಹೋಗಿರುತ್ತದೆ. ಸಂವೇದನೆ ತಗ್ಗಿಸಿದರೆ ಆಳದ್ದು ಕಾಣುವುದೇ ಇಲ್ಲ.

ಹರಿಗೋಲಿನ ಚಿಕ್ಕಣ್ಣ ಹಗ್ಗಕ್ಕೆ ಬಿಳಿ ತಟ್ಟೆ ಕಟ್ಟಿ ನೀರಿಗಿಳಿಸುತ್ತಿದ್ದರು. ನಾನು ತೂಬಿನ ಕಟ್ಟೆಯ ಮೇಲೆ ಪರದೆ ನೋಡುತ್ತ ಕೂರುತ್ತಿದ್ದೆ.

"ತಟ್ಟೆ ನನ್ ಕಣ್ಗೇ ಕಾಣ್ತದೆ. ನಿಮ್ ಮಿಷಿನ್ಗ್ ಯಾಕ್ರವ್ವ ಕಾಣಾಕಿಲ್ಲ?" ಎಂದು ದಿನಾ ಕೇಳುತ್ತಿದ್ದರು. ದಿನಾ ಮೈಯುರಿಯುತ್ತಿತ್ತು. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದರೆ ಬೆಂಗಳೂರಿನ ಮುಖ್ಯಸ್ಥರು, "ಈ ತಿಂಗಳೂ ಆಗದಿದ್ದರೆ ನಿಲ್ಲಿಸಿಬಿಡೋಣ" ಎಂದರು.

ಮೊದಲ ಹೊಳಪಿಗೆ ಸಂವೇದನೆ ಕುಗ್ಗಿದ್ದು, ಅದು ದಾಟಿದೊಡನೆ ಏರುವಂತೆ ಸರ್ಕ್ಯೂಟನ್ನು ಮೂರನೇ ಸಲ ಕಟ್ಟಿದೆ. ಪರದೆಯಲ್ಲಿ ಮೇಲ್ಮೈಯ ಎತ್ತರದ ಗೆರೆಯ ಆಚೆಗೆ ಪುಟ್ಟ ಉಬ್ಬೊಂದು ಮೂಡಿತು. ಉಸಿರು ಬಿಡುವಷ್ಟರಲ್ಲಿ ಅದು ಬಲಕ್ಕೆ, ಎಂದರೆ ಇನ್ನೂ ಆಳದ ಕಡೆಗೆ, ಸರಿಯಿತು. ಮತ್ತೆ ಸರಿಯಿತು. ಎಲ್ಲೋ ಬೆಸುಗೆ ಬಿಟ್ಟಿದೆಯೆಂದು ಬೈದುಕೊಳ್ಳುತ್ತ ಪೆಟ್ಟಿಗೆ ಬಿಚ್ಚಲು ಹೊರಟೆ.

"ಬಿಚ್ಬ್ಯಾಡಿ ಕಣ್ರವ್ವ," ಚಿಕ್ಕಣ್ಣ ಹರಿಗೋಲಿನಿಂದ ಕೂಗಿದರು. "ನಿಜವಾಗ್ಲೂ ಕಾಣ್ತದಾ ಅಂತ ನೋಡಾಕೆ ನಾನೇ ಅಗ್ಗ ಬುಟ್ಟೆ. ಎಲ್ಡು ಸಲ, ಒಂದೊಂದ್ ಮಾರು."

ಮಾರು ಎಂದರೆ ಚಾಚಿದ ಎರಡು ತೋಳಿನಷ್ಟು. ಲೆಕ್ಕ ಹಾಕಿದೆ. ಉಬ್ಬು ಸರಿದದ್ದೂ ಅಷ್ಟೇ. ಹೇಳದೆ ಇಳಿಸಿದ್ದಕ್ಕೆ ರೇಗಲು ಬಾಯಿ ತೆರೆದವಳು ಅತ್ತುಬಿಟ್ಟೆ. ಕೆಲಸ ಉಳಿಯಿತು.

ಮೊನ್ನೆ ರಜೆಗೆ ಊರಿಗೆ ಹೋದಾಗ ಅಣ್ಣನ ದೋಣಿಯಿಂದ ಬಗ್ಗಿ ನೋಡಿದೆ. ಒಂದು ಮೊಳ ಆಳದಾಚೆ ಬರೀ ಕೆಸರುಬಣ್ಣ. "ನಮ್ಮ ಕೆರೇಲಾದ್ರೆ ಎಷ್ಟು ಚೆನ್ನಾಗಿ ಕಾಣ್ತಿತ್ತು" ಎಂದೆ.

ಅಣ್ಣ ಹುಟ್ಟು ನಿಲ್ಲಿಸಿದ. "ಯಾವ ನಮ್ಮ ಕೆರೆ ಮಾರಾಯ್ತಿ?"

ಹೊನ್ನಾವರದ ನಮ್ಮ ಮನೆಯ ಹತ್ತಿರ ಕೆರೆಯೇ ಇಲ್ಲ.